ರಾಗ ಹಚ್ಚಿ ಓದಿದ ವರ್ಷ

ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಯನ್ನು ಒದ್ದೆ ಅರಿವೆಯಿಂದ ಒರೆಸಿದ ಕೂಡಲೇ ಒಂದು ವಾಸನೆ ಏಳುತ್ತದೆ. ನನ್ನ ಸೊಸೆಗೆ ಅದು ಜಿಡ್ಡಿನ ವಾಸನೆ, ಮತ್ತೊಮ್ಮೆ ಸಾಬೂನು ಹಚ್ಚಿ ತಿಕ್ಕುತ್ತಾಳೆ. ನನಗದು ಒದ್ದೆ ಪಾಟಿಯ ವಾಸನೆ. ಸ್ಲೇಟಿಗೆ ನಮ್ಮ ಕಡೆ ಪಾಟಿ ಎನ್ನುತ್ತಾರೆ, ಪುಣೆಯಲ್ಲೂ ಅದೇ ಹೆಸರು. ಆ ಊರಿಗೆ ಹೋದ ಹೊಸದರಲ್ಲಿ ನನಗೆ ಬರುತ್ತಿದ್ದ ಮರಾಠಿ ಹೆಚ್ಚುಕಡಿಮೆ ಅಷ್ಟೇ. ಮೊನ್ನೆ ಕಟ್ಟೆ ಒರೆಸುತ್ತಿದ್ದವಳನ್ನು ತಡೆದು ಅಲ್ಲಿಯೇ ನಿಂತುಬಿಟ್ಟೆ. "ಏನು ಮೂಸಿ ನೋಡಾಕ ಹತ್ತೀರಿ ಅತ್ತಿ?" ಎಂದು ಕೇಳಿದಳು. ಒಂದು ವರ್ಷವನ್ನು ಮೂಸುತ್ತಿದ್ದೇನೆ ಎಂದರೆ ಮುದುಕಿಗೆ ಅರಳು ಮರುಳು ಎಂದುಕೊಂಡಾಳೆಂದು ಸುಮ್ಮನಾದೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಹಿಂದಿನ ಮಾತು. ರೈಲ್ವೆಯ ಮಾಲಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಗದಗಿನಿಂದ ಪುಣೆಗೆ ವರ್ಗವಾಯಿತು. ಅಪ್ಪ, ಅವ್ವ, ಅಪ್ಪನ ತಾಯಿಯಾದ ನಮ್ಮಜ್ಜಿ ಮತ್ತು ನಾನು ಕಸಬಾ ಪೇಠೆಯಲ್ಲಿ ಹಲವು ಬಿಡಾರಗಳಿದ್ದ ಒಂದು ವಾಡೆಯಲ್ಲಿ ಎರಡು ಕೋಣೆಯ ಬಿಡಾರ ಹೂಡಿದೆವು. ನನಗೆ ಆಗ ಒಂಬತ್ತು. ಗದಗಿನಲ್ಲಿ ಕನ್ನಡ ಮೂರನೇ ಇಯತ್ತೆ ಪಾಸಾಗಿ, ಇನ್ನು ಪಾಟಿ ಬಿಟ್ಟು ಮಸಿಯ ಟಾಕು ದೌತಿ ಹಿಡಿಯುವವಳು ಎಂಬ ದೊಡ್ಡಸ್ತಿಕೆಯಲ್ಲಿದ್ದೆ.

ನಮ್ಮ ಪೇಠೆಯಲ್ಲಿ ಕನ್ನಡ ಶಾಲೆ ಇರಲಿಲ್ಲ. ಹಿಂದಿನ ಓಣಿಯಲ್ಲಿ ಹುಡುಗಿಯರ ಮರಾಠಿ ಶಾಲೆಯೊಂದಿತ್ತು, ಅದೂ ಒಂದು ಹಳೆಯ ವಾಡೆಯೇ. ನಡುವೆ ಅಂಗಳ, ಸುತ್ತ ಕಟ್ಟಿಗೆಯ ಕಂಬದ ಪಡಸಾಲೆ, ನಾಲ್ಕು ಕೋಣೆಯಲ್ಲಿ ನಾಲ್ಕು ಇಯತ್ತೆ. ಅಲ್ಲಿ ಕಲಿಸುವ ಹೆಂಗಸರಿಗೆ ಬಾಯಿ ಎನ್ನುವುದು ರೂಢಿ. ಮುಖ್ಯ ಬಾಯಿಯವರು ನಾಲ್ಕನೇ ಇಯತ್ತೆಯ ಪುಸ್ತಕ ತೆರೆದು ನನ್ನ ಮುಂದೆ ಹಿಡಿದರು. ನಮ್ಮ ಅಕ್ಷರಗಳು ಹಾಳೆಯ ಮೇಲೆ ದುಂಡಗೆ ಕೂತಿರುತ್ತವೆ. ಇವು ಹಗ್ಗಕ್ಕೆ ಒಣಹಾಕಿದ ಬಟ್ಟೆಗಳ ಹಾಗೆ ಗೆರೆಗೆ ಜೋತುಬಿದ್ದಿದ್ದವು. ನಾನು ಕಣ್ಣು ಮಿಟುಕಿಸದೆ ನಿಂತೆ. ಮೂರನೆಯದು ಹಿಡಿದರು, ಎರಡನೆಯದು ಹಿಡಿದರು. ಕೊನೆಗೆ ಅಪ್ಪನ ಕಡೆ ತಿರುಗಿ, "ಒಂದನೇ ಇಯತ್ತೆ" ಎಂದು ಹೇಳಿ ಹಾಜರಿಯಲ್ಲಿ ಹೆಸರು ಬರೆದುಕೊಂಡರು.

ಅಜ್ಜಿಗೆ ಇದು ಮಾನದ ಪ್ರಶ್ನೆಯಾಯಿತು. ಪುಣೆಗೆ ಬರಲೇ ಅವಳಿಗೆ ಮನಸ್ಸಿರಲಿಲ್ಲ, ಅದರ ಮೇಲೆ ಇದು.

"ಕುದರಿಯಂಥಾ ಹುಡುಗಿ ಮೂಗು ಸೋರೋ ಕೂಸುಗಳ ನಡುವ ಕುಂತು ಅ ಆ ಅಂತಾಳ. ವಾಡೇದ ಹೆಂಗಸರು ನಳದ ಕಟ್ಟಿ ಮ್ಯಾಲ ನಗತಾರ. ನನಗ ತಿಳಿಯಂಗಿಲ್ಲೇನು? ನಗೂದಕ್ಕ ಭಾಷಾ ಬೇಕಾಗಂಗಿಲ್ಲ."

"ಕಲೀತಾಳವ್ವಾ, ಒಂದೀಟು ವ್ಯಾಳ್ಯಾ ಕೊಡು" ಎಂದರು ಅಪ್ಪ.

"ಕೊಟ್ಟೆ. ಸಂಕ್ರಮಣದ ತನಕಾ ಕೊಟ್ಟೆ. ಅಷ್ಟರಾಗ ತನ್ನ ವಾರಿಗಿ ಹುಡಿಗೇರ ಜೋಡಿ ನಾಲ್ಕನೇ ಇಯತ್ತೆದಾಗ ಕುಂತ್ರ ಛಲೋ. ಇಲ್ಲಂದ್ರ ಸಾಲಿ ಬಿಡಸಿ ಅವರವ್ವನ ಕೈ ಕೆಳಗ ಹಾಕೂದು. ರೊಟ್ಟಿ ಬಡ್ಯಾಕ ಮರಾಠಿ ಬೇಕಾಗಂಗಿಲ್ಲ."

ಅಪ್ಪ ಕಚೇರಿಯಲ್ಲಿ ಸಾಹೇಬನಿಗೆ ಎದುರು ಮಾತಾಡಿದ್ದುಂಟಂತೆ, ಅಜ್ಜಿಗೆ ಎಂದೂ ಆಡಿದವರಲ್ಲ. ಅವ್ವ ನನ್ನ ತಲೆ ಸವರಿ ಒಲೆಯ ಕಡೆ ಹೋದಳು. ಶಾಲೆ ಬಿಡಿಸಿದ ಹುಡುಗಿಯರನ್ನು ನಾನು ಗದಗಿನಲ್ಲಿ ನೋಡಿದ್ದೆ. ಅವರು ಬಾಗಿಲಲ್ಲಿ ನಿಂತು ನಮ್ಮ ಪಾಟಿ ಚೀಲಗಳನ್ನು ನೋಡುತ್ತಿದ್ದ ರೀತಿ ನನಗೆ ಮರೆತಿರಲಿಲ್ಲ.

ಪುಣೆಯ ಮಳೆ ಗದಗಿನ ಮಳೆಯ ಹಾಗಲ್ಲ. ನಮ್ಮ ಕಡೆ ಅದು ಗುಡುಗಿ ಬಡಿದು ಹೊರಟುಹೋಗುತ್ತದೆ. ಇಲ್ಲಿ ಬೇಡದ ನೆಂಟನ ಹಾಗೆ ಜಿಟಿಜಿಟಿ ಎನ್ನುತ್ತ ದಿನಗಟ್ಟಲೆ ಕೂತುಬಿಡುತ್ತಿತ್ತು. ಒರೆಸಿದ ಪಾಟಿ ಒಣಗುತ್ತಲೇ ಇರಲಿಲ್ಲ. ಕೂಸುಗಳು ಪಾಟಿಯನ್ನು ಗಾಳಿಯಲ್ಲಿ ಬೀಸುತ್ತ ಅದಕ್ಕೆ ಏನೋ ಮಂತ್ರ ಹೇಳುತ್ತಿದ್ದವು. ನಾನು ಅವುಗಳ ನಡುವೆ ಕೂತು ಬೀಸುತ್ತಿದ್ದೆ. ಅವು ನನಗೆ "ಮೋಠೀ ತಾಈ" ಎಂದು ಹೆಸರಿಟ್ಟವು, ಅಂದರೆ ದೊಡ್ಡಕ್ಕ. ಪಾಪ, ಪ್ರೀತಿಯಿಂದಲೇ ಕರೆಯುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಡು ಮತ್ತು ಚಿತ್ರ ಕಲಿಸುವವರು ಗೋದೂಬಾಯಿ. ತೆಳ್ಳಗೆ, ಒಣಗಿದ ಕೈಯ ಹೆಂಗಸು. ಸಿಟ್ಟು ಬಂದರೆ ಮಾತು ನಿಲ್ಲಿಸುತ್ತಿದ್ದರು, ಅದೇ ನಮಗೆ ಛಡಿ ಏಟು. ಇಡೀ ಶಾಲೆಗೆ ಇದ್ದದ್ದು ಒಂದೇ ಬಾಜಾಪೆಟ್ಟಿಗೆ, ಅಂದರೆ ಹಾರ್ಮೋನಿಯಂ. ಅದನ್ನು ಕೋಣೆಯಿಂದ ಕೋಣೆಗೆ ಹೊರುವುದು ಬೇಡವೆಂದು ಅವರು ಸಂಜೆಯ ಕೊನೆಯ ತಾಸಿಗೆ ನಾಲ್ಕೂ ಇಯತ್ತೆಗಳನ್ನು ಪಡಸಾಲೆಯಲ್ಲಿ ಒಟ್ಟಿಗೇ ಕೂಡಿಸುತ್ತಿದ್ದರು. ಹಾಡು ಒಂದೇ, ಕೆಲಸ ಮಾತ್ರ ಬೇರೆ ಬೇರೆ. ಮುಂದಿನ ಸಾಲಿನಲ್ಲಿ ಒಂದನೆಯವರು. ಅವರದು ಬರೀ ತಾಳ, ಹಾಡು ಶುರುವಾದ ಕೂಡಲೇ ಚಪ್ಪಾಳೆ ಹಾಕಬೇಕು, ದನಿ ತೆಗೆಯಕೂಡದು. ಎರಡನೆಯವರಿಗೆ ಪಲ್ಲವಿ. ಮೂರನೆಯವರು ಅದೇ ಹಾಡನ್ನು ಸರಿಗಮದಲ್ಲಿ ಹೇಳಬೇಕು. ನಾಲ್ಕನೆಯವರಿಗೆ ಮಾತ್ರ ಪೂರ್ತಿ ಹಾಡು. ಪುಸ್ತಕದ ಪದ್ಯಗಳನ್ನೇ ಅವರು ಧಾಟಿ ಕಟ್ಟಿ ಹಾಡಿಸುತ್ತಿದ್ದರು.

ಚಪ್ಪಾಳೆಗೆ ಮರಾಠಿ ಬೇಕಾಗಿರಲಿಲ್ಲ. ಮೊದಲ ವಾರದಲ್ಲೇ ಗೋದೂಬಾಯಿ ನನ್ನ ಕೈಯನ್ನು ಗಮನಿಸಿದರು. ಒಂದು ದಿನ ಬಾಜಾಪೆಟ್ಟಿಗೆ ನಿಲ್ಲಿಸದೆಯೇ ಗದ್ದ ಎತ್ತಿ ಎರಡನೇ ಸಾಲು ತೋರಿಸಿದರು. ನನಗೆ ಅರ್ಥವಾಗದೆ ಸುತ್ತ ನೋಡಿದೆ. ಪಕ್ಕದ ಕೂಸೊಂದು ನನ್ನನ್ನು ಹಿಂದಕ್ಕೆ ನೂಕಿತು. ಪಲ್ಲವಿಗೆ ಅರ್ಥ ತಿಳಿಯಬೇಕೆಂದೇನಿಲ್ಲವಲ್ಲ, ಕಿವಿ ಇದ್ದರೆ ಸಾಕು. ಶ್ರಾವಣದ ಹೊತ್ತಿಗೆ ಮೂರನೇ ಸಾಲು, ಸರಿಗಮ. ಸರಿಗಮ ಮರಾಠಿಯೂ ಅಲ್ಲ, ಕನ್ನಡವೂ ಅಲ್ಲ. ಅಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಗಂಟೆ ಹೊಡೆದು ಮರುದಿನ ಬೆಳಗಾದರೆ ಮತ್ತೆ ಒಂದನೆಯ ಕೋಣೆ, ಮತ್ತೆ ಅ ಆ. ಗೋದೂಬಾಯಿ ಒಮ್ಮೆ ಕೇಳಿನೋಡಿದರು. "ಹಾಡಿನಲ್ಲಿ ಎಲ್ಲಿ ಬೇಕಾದರೂ ಕೂಡಿಸಿಕೊಳ್ಳಿ" ಎಂದರಂತೆ ಮುಖ್ಯ ಬಾಯಿ. "ಓದು ಬರುವ ತನಕ ಹೆಸರು ಒಂದನೆಯದರಲ್ಲೇ ಇರುತ್ತದೆ."

ಚಿತ್ರದ ತಾಸಿನಲ್ಲಿ ಬೇರೆಯದೇ ಪಜೀತಿ. ಒಂದನೆಯವರು ಪಾಟಿಯ ಮೇಲೆ ಗೆರೆ ಮತ್ತು ಗೋಲ ಬಿಡಿಸಬೇಕು, ಎರಡನೆಯವರು ಎಲೆ ಮತ್ತು ಮಾವಿನಕಾಯಿ, ಮೂರನೆಯವರಿಗೆ ಕಾಗದ ಮತ್ತು ತಂಬಿಗೆ, ನಾಲ್ಕನೆಯವರಿಗೆ ಬಣ್ಣದ ಬಳ್ಳಿ. ನನಗೆ ಗೊತ್ತಿದ್ದ ಚಿತ್ರಕಲೆ ಎಂದರೆ ಅವ್ವ ಕಲಿಸಿದ ರಂಗೋಲಿ. ಚುಕ್ಕಿ ಇಡದೆ ಗೆರೆ ಎಳೆಯಬಹುದು ಎಂಬುದೇ ನನ್ನ ತಲೆಗೆ ಹೊಳೆದಿರಲಿಲ್ಲ. ಗೆರೆ ಗೋಲ ಮುಗಿಸಿ ಎರಡನೆಯವರ ಮಾವಿನಕಾಯಿ ಬಿಡಿಸು ಎಂದಾಗ ಪಾಟಿಯ ತುಂಬ ಚುಕ್ಕಿ ಇಟ್ಟು, ನಡುವಿನಿಂದ ಗೆರೆ ತಿರುಗಿಸಿ ಕಾಯಿ ಮಾಡಿದೆ. ಗೋದೂಬಾಯಿ ಪಾಟಿ ಎತ್ತಿ ಬೆಳಕಿಗೆ ಹಿಡಿದು, "ಈ ಮಾವಿನಕಾಯಿಗೆ ಸಿಡುಬು ಬಂದಿದೆಯೇನು?" ಎಂದರು. ಕೋಣೆಯೆಲ್ಲ ನಕ್ಕಿತು. ನನಗೆ ಮಾತು ತಿಳಿಯದಿದ್ದರೂ ನಗೆ ತಿಳಿಯಿತು. ಅಜ್ಜಿ ಹೇಳಿದ್ದು ಸುಳ್ಳಲ್ಲ.

ನವರಾತ್ರಿಯಲ್ಲಿ ಅದೇ ಚುಕ್ಕಿ ನನ್ನ ಕೈ ಹಿಡಿಯಿತು. ಆ ದಿನಗಳಲ್ಲಿ ಪುಣೆಯ ಹುಡುಗಿಯರು ಭೋಂಡಲಾ ಆಡುತ್ತಾರೆ. ನಡುವೆ ಒಂದು ಆನೆಯ ಚಿತ್ರ, ಸುತ್ತ ಕೈ ಕೈ ಹಿಡಿದು ಹಾಡುತ್ತ ತಿರುಗುವುದು, ಕೊನೆಗೆ ಮುಚ್ಚಿದ ಡಬ್ಬಿಯೊಳಗಿನ ತಿಂಡಿ ಏನೆಂದು ಹೇಳುವುದು. ಹೇಳುವ ತನಕ ಯಾರಿಗೂ ತಿನ್ನಲು ಸಿಗದು. ಆ ವರ್ಷ ಶಾಲೆಯ ಅಂಗಳದಲ್ಲೇ ದೊಡ್ಡ ಆನೆ ಬೇಕೆಂದು ಗೋದೂಬಾಯಿಗೆ ಆಸೆ. ನಾಲ್ಕನೆಯವರು ಎರಡು ಸಲ ಬಿಡಿಸಿದರು. ಪಾಟಿಯಷ್ಟು ಚಿತ್ರಕ್ಕೆ ಪಳಗಿದ ಕೈ, ಅಂಗಳದ ಅಳತೆಗೆ ಆನೆ ಹಂದಿಯಾಯಿತು. ಗೋದೂಬಾಯಿ ರಂಗೋಲಿಯ ಬಟ್ಟಲನ್ನು ನನ್ನ ಮುಂದೆ ಇಟ್ಟರು. ನಾನು ಅಂಗಳದ ಉದ್ದಗಲಕ್ಕೂ ಚುಕ್ಕಿ ಇಡುತ್ತ ಹೋದೆ. ಇದೇನು ಮಾಡುತ್ತಿದ್ದಾಳೆಂದು ಹುಡುಗಿಯರು ಪಿಸುಗುಟ್ಟಿದರು. ಆಮೇಲೆ ಗೆರೆ ಓಡಿಸಿದೆ: ಬೆನ್ನು, ಸೊಂಡಿಲು, ಮೊರದಂಥ ಕಿವಿ. ಸೊಂಡಿಲು ಎತ್ತಿಕೊಂಡು ಆನೆ ಎದ್ದಿತು. "ಛಾನ್!" ಎಂದರು ಗೋದೂಬಾಯಿ. ಅವರ ಬಾಯಿಂದ ಆ ಹೊಗಳಿಕೆ ಅಗ್ಗಕ್ಕೆ ಬರುವಂಥದ್ದಲ್ಲ.

ಆನೆಯ ಸುತ್ತ ತಿರುಗುವಾಗ ಸಾಲುಗಳಿರಲಿಲ್ಲ. ಒಂದನೆಯವಳ ಕೈ ನಾಲ್ಕನೆಯವಳ ಕೈಯಲ್ಲಿ. ನಾನು ಎಲ್ಲ ಹಾಡೂ ಹಾಡಿದೆ, ಅರ್ಧ ಮಾತು ನುಂಗಿ, ಅರ್ಧ ಮಾತು ಊಹಿಸಿ. ಕೊನೆಗೆ ಡಬ್ಬಿ ಬಂತು. ಹುಡುಗಿಯರು ಲಾಡು ಎಂದರು, ಚಿವಡಾ ಎಂದರು, ಯಾವುದೂ ಅಲ್ಲ. ಹಸಿ ಕೊಬ್ಬರಿ, ಇಂಗಿನ ವಾಸನೆ ನನ್ನ ಮೂಗಿಗೆ ಬಡಿಯಿತು. "ಕಡ್ಲಿ ಉಸುಳಿ!" ಎಂದು ಕನ್ನಡದಲ್ಲೇ ಕಿರುಚಿದೆ. ಮುಚ್ಚಳ ತೆಗೆದರು, ಉಸುಳಿಯೇ. ಆ ಶಾಲೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಅಂದು ರಾತ್ರಿ ಊಟ ಬೇಡವೆನಿಸುವಷ್ಟು ಸಂತೋಷವಾಗಿತ್ತು.

ದೀಪಾವಳಿಯ ರಜೆ ಮುಗಿಯಿತು. ಆನೆ ಬಿಡಿಸಿದ ಮೇಲೆ ಗೋದೂಬಾಯಿ ನನ್ನನ್ನು ಹಾಡಿನಲ್ಲೂ ಚಿತ್ರದಲ್ಲೂ ನಾಲ್ಕನೆಯವರ ಜೊತೆ ಕೂಡಿಸಿಕೊಳ್ಳುತ್ತಿದ್ದರು. ಅವರಿಗೆ ಕೊಟ್ಟ ಕೆಲಸ ಒಂದು ಪದ್ಯವನ್ನು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬಿಡಿಸಿ ಸುತ್ತ ಬಳ್ಳಿ ಹಾಕುವುದು. ನನಗೆ ಆ ಅಕ್ಷರಗಳೆಲ್ಲ ಇನ್ನೂ ಚಿತ್ರಗಳೇ. ಒಂದಕ್ಕೆ ಹೊಟ್ಟೆ, ಒಂದಕ್ಕೆ ಬಾಲ, ಇನ್ನೊಂದಕ್ಕೆ ಮುರಿದ ಕಾಲು. ಅ ಆ ಕ ಖ ಎಂದು ಕೂಸುಗಳ ಜೊತೆ ಎಷ್ಟು ಒದರಿದ್ದರೂ ಅವು ಒಂದಕ್ಕೊಂದು ಕೂಡಿ ಮಾತಾಗುತ್ತಿರಲಿಲ್ಲ. ಪದ್ಯ ಮಾತ್ರ ಸಂಜೆಯ ತಾಸಿನಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಅದನ್ನೇ ಒಳಗೊಳಗೆ ಗುನುಗುತ್ತ ಒಂದೊಂದು ಚಿತ್ರವನ್ನೂ ತಿದ್ದುತ್ತಿದ್ದೆ. ಹಾಗೆ ಹೋಗುವಾಗ ಪೆನ್ಸಿಲು ಒಂದು ಅಕ್ಷರದ ಮೇಲೆ, ದನಿಯೂ ಅದೇ ಅಕ್ಷರದ ಮೇಲೆ. ಮುಂದಿನದಕ್ಕೆ ಹೋದೆ, ಅಲ್ಲಿಯೂ ಎರಡೂ ಕೂಡಿದವು. ನಾನು ಓದುತ್ತಿದ್ದೆ!

ಅಂದಿನಿಂದ ಸಿಕ್ಕಿದ್ದೆಲ್ಲವನ್ನೂ ಓದಿದೆ. ಅಂಗಡಿಯ ಹಲಗೆ, ಉಪ್ಪು ಕಟ್ಟಿ ತಂದ ಕಾಗದ, ಅಪ್ಪನ ಮರಾಠಿ ಪೇಪರು. ಆದರೆ ಒಂದು ತೊಡಕಿತ್ತು. ಅಕ್ಷರ ನನಗೆ ರಾಗದ ಕೈ ಹಿಡಿದು ಬಂದಿತ್ತು, ಹಾಗಾಗಿ ರಾಗ ಹಚ್ಚದೆ ಓದಲು ಬರುತ್ತಿರಲಿಲ್ಲ. ರಾಗ ಬಿಟ್ಟ ಕೂಡಲೇ ಅವು ಮತ್ತೆ ಹೊಟ್ಟೆ ಬಾಲದ ಚಿತ್ರಗಳಾಗಿಬಿಡುತ್ತಿದ್ದವು. ಸುಣ್ಣದ ಅಂಗಡಿಯ ಹಲಗೆಯನ್ನು ನಾನು ಹಾಡುವುದನ್ನು ಕೇಳಿ ಅಪ್ಪ ನಗು ತಡೆಯಲಾರದೆ ಓಣಿಯಲ್ಲೇ ನಿಂತರು. ಅವರಿಗದು ಮಗಳ ಆಟವೆನಿಸಿತು. ನನಗೆ ಬೇರೆ ದಾರಿ ಇರಲಿಲ್ಲ ಎಂದು ಅವರಿಗೆ ಹೇಳಲಿಲ್ಲ.

ಚಳಿ ಬಿದ್ದಿತು. ಸಂಕ್ರಮಣ ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಪರೀಕ್ಷೆ ಮಾಡಲು ಇನ್ಸ್‌ಪೆಕ್ಟರ್ ಬಾಯಿ ಬರುತ್ತಾರೆಂದು ಸುದ್ದಿ ಬಂತು. ಅಂಗಳಕ್ಕೆ ಸಗಣಿ ಸಾರಿಸಿ, ಗೋಡೆಗೆ ಸುಣ್ಣ ಬಳಿದರು. ಬಂದವರು ಎತ್ತರದ, ಕನ್ನಡಕ ಹಾಕಿದ ಹೆಂಗಸು, ಸೀರೆಯ ಕೆಳಗೆ ಬೂಟು. ಅಂಥ ಕಾಲನ್ನು ನಾವು ಕಂಡಿರಲಿಲ್ಲ. ಅರ್ಧ ಹುಡುಗಿಯರು ಅವರ ಮುಖ ನೋಡಲೇ ಇಲ್ಲ.

ಸಂಜೆ ನಾಲ್ಕೂ ಇಯತ್ತೆ ಪಡಸಾಲೆಯಲ್ಲಿ ಸೇರಿದವು. ನಾನು ನಾಲ್ಕನೇ ಸಾಲಿನಲ್ಲಿದ್ದೆ. ಹಾಡು ಮುಗಿದ ಮೇಲೆ ಇನ್ಸ್‌ಪೆಕ್ಟರ್ ಬಾಯಿ ನನ್ನನ್ನು ಮುಂದಕ್ಕೆ ಕರೆದು ಹೆಸರು ಕೇಳಿದರು. ತುಂಗಾ ಎಂದೆ. "ಒಳ್ಳೆಯ ದನಿ" ಎಂದು ಹಾಜರಿಯಲ್ಲಿ ಹುಡುಕಿದರು. ನಾಲ್ಕನೆಯದರಲ್ಲಿ ನನ್ನ ಹೆಸರಿಲ್ಲ.

"ಅವಳು ಒಂದನೆಯವಳು" ಎಂದರು ಮುಖ್ಯ ಬಾಯಿ. "ಕಾನಡಿ ಹುಡುಗಿ. ಓದು ಬರುವುದಿಲ್ಲ."

"ಬರುತ್ತದೆ" ಎಂದರು ಗೋದೂಬಾಯಿ, ಬಾಜಾಪೆಟ್ಟಿಗೆಯ ಹಿಂದಿನಿಂದ. ಅವರಿಗೆ ಅದು ಹೇಗೆ ಗೊತ್ತಾಗಿತ್ತೋ ಇಂದಿಗೂ ತಿಳಿಯದು.

ಇನ್ಸ್‌ಪೆಕ್ಟರ್ ಬಾಯಿ ನಾಲ್ಕನೆಯ ಪುಸ್ತಕ ತೆರೆದು ಕೊಟ್ಟರು. ಪದ್ಯವಾಗಿರಲಿ ದೇವರೇ ಎಂದುಕೊಂಡೆ. ಗದ್ಯ! ಒಂದು ಟಪಾಲಿನ ಪ್ರವಾಸ. ಹಳ್ಳಿಯಲ್ಲಿರುವ ಅಣ್ಣ ದೂರದ ಊರಿಗೆ ಕೊಟ್ಟ ತಂಗಿಗೆ ಕಾಗದ ಬರೆದು ಪೆಟ್ಟಿಗೆಗೆ ಹಾಕುತ್ತಾನೆ, ಅಲ್ಲಿಂದ ಅದರ ಪಯಣ. ಅಕ್ಷರಗಳು ಗೆರೆಗೆ ಜೋತು ನನ್ನನ್ನೇ ನೋಡಿದವು. ಎಲ್ಲರೂ ಕಾಯುತ್ತಿದ್ದರು. ಬೇರೇನೂ ತೋಚದೆ ಪದ್ಯದ ಧಾಟಿಯಲ್ಲಿ ಶುರು ಮಾಡಿಬಿಟ್ಟೆ. ಅಣ್ಣನನ್ನು ಹಾಡಿದೆ, ಲೇಖನಿಯನ್ನು ಹಾಡಿದೆ, ಕೆಂಪು ಪೆಟ್ಟಿಗೆಯನ್ನು ಎಳೆದು ಹಾಡಿದೆ. ಹಾಡು ಶುರುವಾಯಿತಲ್ಲ, ಮುಂದಿನ ಸಾಲಿನ ಕೂಸುಗಳು ತಮ್ಮ ಕೆಲಸ ಮರೆಯಲಿಲ್ಲ. ಪಟ್ಟನೆ ಚಪ್ಪಾಳೆ ಎತ್ತಿಕೊಂಡವು. ಗದ್ಯಕ್ಕೆ ತಾಳ ಬಿತ್ತು. ಮೊದಲು ಮೂರನೆಯವರು ನಕ್ಕರು, ಆಮೇಲೆ ಎಲ್ಲರೂ. ಇನ್ಸ್‌ಪೆಕ್ಟರ್ ಬಾಯಿಯೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅಕ್ಷರ ಹೋಗುತ್ತದೆ. ಪುಟ ಮುಗಿಯುವ ತನಕ ಹಾಡಿದೆ.

"ಈಗ ರಾಗ ಬಿಟ್ಟು ಓದು" ಎಂದರು ಅವರು, ಮೆತ್ತಗೆ.

ಬಾಯಿ ತೆರೆದೆ. ಅಕ್ಷರಗಳು ಮತ್ತೆ ಹೊಟ್ಟೆ ಬಾಲದ ಚಿತ್ರಗಳಾಗಿದ್ದವು.

ಅವರು ಪುಸ್ತಕ ತೆಗೆದುಕೊಂಡು ಮುಚ್ಚಿದರು. ಹಾಜರಿಯಲ್ಲಿ ನನ್ನ ಹೆಸರನ್ನು ಒಂದನೆಯದರಿಂದ ತೆಗೆದು ಮೂರನೆಯದಕ್ಕೆ ಹಾಕಿದರು. "ರಾಗ ಬಿಟ್ಟು ಓದಲು ಕಲಿತ ಮೇಲೆ ನಾಲ್ಕು" ಎಂದರು. ಗೋದೂಬಾಯಿಗೆ ಖುಷಿಯೋ ಖುಷಿ, ಎರಡು ಮೆಟ್ಟಿಲು ಒಟ್ಟಿಗೆ ಹತ್ತಿದ್ದೆನಲ್ಲ. ನಾನೇಕೆ ಅಳುತ್ತಿದ್ದೇನೆಂದು ಅವರಿಗೆ ತಿಳಿಯಲಿಲ್ಲ.

ಮನೆಗೆ ಬಂದಾಗ ಅಜ್ಜಿ ಕಿಟಕಿಯ ಬೆಳಕಿನಲ್ಲಿ ಕೂತು ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಅಪ್ಪ ಆಗಲೇ ಬಂದಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

"ಮೂರನೇ ಇಯತ್ತೆ ಅಂದ್ರ ಕಡಿಮಿ ಆತೇನವ್ವಾ?" ಎಂದರು ಅಪ್ಪ. "ಆರು ತಿಂಗಳ ಹಿಂದ ಒಂದು ಅಕ್ಷರ ಬರತಿದ್ದಿಲ್ಲ ಇಕಿಗೆ."

"ನಾ ಅಂದದ್ದು ನಾಲ್ಕು. ಮಾತು ಅಂದ್ರ ಮಾತು" ಎಂದಳು ಅಜ್ಜಿ ತಲೆ ಎತ್ತದೆ. ಆಮೇಲೆ ಬತ್ತಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದಳು. "ನಕ್ಕರು ಅಂದ್ಯಲ್ಲ. ಅಂಥಾದ್ದು ಏನು ಓದಿದಿ? ಓದು, ನಾನೂ ಕೇಳತೀನಿ."

ಪುಸ್ತಕ ನನ್ನ ಹತ್ತಿರ ಇರಲಿಲ್ಲ. ಆದರೆ ಒಮ್ಮೆ ಧಾಟಿಗೆ ಬಿದ್ದದ್ದು ನನ್ನ ತಲೆಯಿಂದ ಹೋಗುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಮಾತು ಜಾರಿದರೂ ಕಥೆ ನಿಂತಿತ್ತು. ಮೂಗು ಒರೆಸಿಕೊಂಡು ಹಾಡಿದೆ. ಅಣ್ಣ ಕಾಗದ ಬರೆದ. ಕೆಂಪು ಪೆಟ್ಟಿಗೆಗೆ ಹಾಕಿದ. ಟಪಾಲಿನವ ಚೀಲದಲ್ಲಿ ಹೊತ್ತು ನದಿ ದಾಟಿ ಸ್ಟೇಶನ್ನಿಗೆ ತಂದ. ರೈಲು ಇಡೀ ರಾತ್ರಿ ಓಡಿತು. ಬೆಳಗಿನ ಜಾವ ದೂರದ ಊರಿನಲ್ಲಿ ನಿಂತಿತು. ಚೀಲ ಕೆಳಗಿಳಿಯಿತು. ಅಲ್ಲಿಗೆ ನಿಲ್ಲಿಸಿದೆ.

ಅಜ್ಜಿಯ ಕೈಯಲ್ಲಿ ಬತ್ತಿ ಹಾಗೆಯೇ ಇತ್ತು.

"ಮುಂದ?"

"ಪುಟ ಅಷ್ಟಕ್ಕ ಮುಗದದ ಅಜ್ಜಿ."

"ಅಕಿಗೆ ಮುಟ್ಟಿತೋ ಇಲ್ಲೋ?"

ಅಪ್ಪ ಬೆರಗಾಗಿ ನೋಡಿದರು. "ನಿನಗ ತಿಳೀತೇನವ್ವಾ? ಅದು ಮರಾಠಿ."

"ನೀ ಪೇಪರ ಓದೂದು ತಿಳಿಯಂಗಿಲ್ಲ, ಗಿರಣಿಯಾಗ ಜ್ವಾಳ ಹಾಕಿದಂಗ ಓದತಿ. ಇಕಿ ಹಾಡಿದ್ದು ತಿಳೀತು. ಒಂದೊಂದು ಮಾತೂ ನಿಂತು ನಿಂತು ಬರತದ."

"ಮುಟ್ಟೇ ಮುಟ್ಟಿರತದ ಬಿಡು, ಟಪಾಲು ಎಲ್ಲಿ ಹೋಗತದ?" ಎಂದರು ಅಪ್ಪ.

"ನಿನ್ನ ಯಾರು ಕೇಳಿದ್ರು?" ಅಜ್ಜಿಯ ದನಿ ಏರಿತು. "ದಸರಾಕ್ಕ ಗದಗಿಗೆ ಕಮಲಿಗೆ ಕಾಗದ ಬರಸೇನಿ. ಅಕಿಗೆ ಮುಟ್ಟಿತೋ, ದಾರ್ಯಾಗ ಬಿತ್ತೋ? ಒಂದು ಮಾತು ಬಂದಿಲ್ಲ. ಮುಟ್ಟಿರತದ ಅಂತ!"

ಕಮಲಿ ನಮ್ಮ ಸೋದರತ್ತೆ, ಅಜ್ಜಿಯ ಒಬ್ಬಳೇ ಮಗಳು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಸಿಟ್ಟಿನಿಂದಲೇ ನನಗೆ ಹೇಳಿದಳು.

"ನಾಳೆ ಸಾಲಿಗೆ ಹೋಗು. ಮುಂದಿನ ಪುಟ ಓದಿಕೊಂಡು ಬಾ."

ನಾನು ಹೆದರುತ್ತ ನಿಜ ಹೇಳಿದೆ. "ಆ ಪಾಠ ಮೂರನೇ ಇಯತ್ತೆದಾಗ ಇಲ್ಲಜ್ಜಿ. ಅದು ನಾಲ್ಕನೇದ್ದು. ಮುಂದಿನ ವರ್ಷ ಬರತದ."

ಅಜ್ಜಿ ಮತ್ತೆ ಬತ್ತಿ ಹೊಸೆಯತೊಡಗಿದಳು.

"ಹಂಗಾರ ಅಲ್ಲೀತನಕಾ ಹೋಗು" ಎಂದಳು.